ತೋಟದ ಮನೆಗೆ ನೆಟ್‌ವರ್ಕ್ ಕೇಬಲ್: ಸಿಡಿಲಿನ ಭಯ, ಅಂಗಡಿಯ ಮಾತು ಮತ್ತು ವಾಸ್ತವ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದ ಮನೆ. ಮುಂಭಾಗ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹಳೆಯ ಹೆಂಚಿನ ಮನೆ, ಹಿಂಭಾಗ ಆಮೇಲೆ ಸೇರಿಸಿ ಕಟ್ಟಿದ ಎರಡು ಅಂತಸ್ತಿನ ಆರ್‌ಸಿಸಿ ಕಟ್ಟಡ. ಫೈಬರ್ ಇಂಟರ್‌ನೆಟ್ ಮುಂದಿನ ಆಫೀಸ್ ಕೋಣೆಗೆ ಬಂದಿದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಸೊಸೆ ಹಿಂದಿನ ಮಹಡಿಯಲ್ಲಿ ಕುಳಿತರೆ ವಿಡಿಯೊ ಕರೆ ಪದೇ ಪದೇ ಕಡಿದುಹೋಗುತ್ತದೆ. ಕಣದ ಪಕ್ಕದ ಗೋಡೌನ್ ಮನೆಯಿಂದ ಸುಮಾರು 70 ಮೀಟರ್ ದೂರದಲ್ಲಿದ್ದು, ಅಲ್ಲಿ ಎರಡು ಕ್ಯಾಮೆರಾಗಳಿವೆ. ಅವುಗಳಿಗೆ ಮರದಿಂದ ಮರಕ್ಕೆ ಕಟ್ಟಿಕೊಂಡು ಕೇಬಲ್ ಎಳೆಸಿದ್ದೆವು. ಕಳೆದ ಏಪ್ರಿಲ್‌ನ ಗುಡುಗು ಮಳೆಯಲ್ಲಿ ರೌಟರ್ ಮತ್ತು ಕ್ಯಾಮೆರಾದ ರೆಕಾರ್ಡರ್ ಎರಡೂ ಸುಟ್ಟುಹೋದವು. ಎರಡರ ಕರೆಂಟ್ ಪ್ಲಗ್ಗನ್ನೂ ಮೊದಲೇ ತೆಗೆದಿಟ್ಟಿದ್ದೆವು. ಈಗ ಮನೆಗೆಲ್ಲ ನೆಟ್‌ವರ್ಕ್ ಕೇಬಲ್ ಹಾಕಿಸೋಣವೆಂದರೆ, ತಂತಿ ಹೆಚ್ಚಾದಷ್ಟೂ ಸಿಡಿಲನ್ನು ಕರೆದಂತೆ ಎಂದು ನೆರೆಯವರು ಹೆದರಿಸುತ್ತಾರೆ. ಕರೆಂಟ್ ವಯರಿನ ಪೈಪಿನಲ್ಲೇ ಎಳೆದರೆ ಗೋಡೆ ಒಡೆಯುವುದು ತಪ್ಪುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಒಬ್ಬ ಅಂಗಡಿಯವರು ಕ್ಯಾಟ್ 8 ದರ್ಜೆಯ ಕೇಬಲ್ ಹಾಕಿಸಿ ಎಂದರೆ, ಇನ್ನೊಬ್ಬರು ಅರ್ಧ ಬೆಲೆಗೇ ಕ್ಯಾಟ್ 6 ಕೊಡುತ್ತೇವೆ ಎನ್ನುತ್ತಾರೆ. ಮಗನ ಪ್ರಕಾರ ತಂತಿಯೇ ಬೇಡ, ಹಲವು ಡಬ್ಬಿಗಳು ಗಾಳಿಯಲ್ಲೇ ಸಂಕೇತ ಹಂಚಿಕೊಳ್ಳುವ ಮೆಷ್ ವೈಫೈ ಸಾಕು. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಮಹಡಿಯ ಕೋಣೆಗೆ ನೆಚ್ಚಬಹುದಾದ ಸಂಪರ್ಕ ಬೇಕೆಂಬುದು ಒಂದು, ತಂತಿ ಎಳೆಸಿದರೆ ಸಿಡಿಲು ಮನೆಯೊಳಗೆ ಬಂದೀತೆಂಬುದು ಇನ್ನೊಂದು. ಮೊದಲನೆಯದು ಹಾಕಿಸಿ ಎನ್ನುತ್ತದೆ, ಎರಡನೆಯದು ಬೇಡ ಎನ್ನುತ್ತದೆ. ಈ ಎಳೆದಾಟದಲ್ಲಿ ಅಂಗಡಿಯವರ ಮಾತೂ ಸೇರಿಕೊಂಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಟ್ಟಡದ ಒಳಗೆ ತಾಮ್ರದ ಕೇಬಲ್ಲನ್ನು ಧೈರ್ಯವಾಗಿ ಹಾಕಿಸಿ; ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಲ್ಲಿ ತಾಮ್ರವನ್ನು ಪೂರ್ತಿಯಾಗಿ ಕೈಬಿಟ್ಟು ಫೈಬರ್ ಹಾಕಿಸಿ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟದ ಮನೆಗಳಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವನಾಗಿ ನಾನು ಕಂಡಂತೆ, ಇದೊಂದು ಗೆರೆಯನ್ನು ದಾಟದಿದ್ದರೆ ಉಳಿದ ತಪ್ಪುಗಳನ್ನು ಯಾವಾಗ ಬೇಕಾದರೂ ತಿದ್ದಿಕೊಳ್ಳಬಹುದು.

ಸಿಡಿಲಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಗೋಡೆಯೊಳಗೆ ಇರುವ ತೆಳುವಾದ ಕೇಬಲ್ ಮೋಡದಲ್ಲಿರುವ ಸಿಡಿಲನ್ನು ಕರೆಯುವುದಿಲ್ಲ. ಸಿಡಿಲು ಎಲ್ಲಿಗೆ ಬಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಎತ್ತರ ಮತ್ತು ಜಾಗ. ನಿಮ್ಮ ತೋಟದ ಸಿಲ್ವರ್ ಓಕ್ ಮರಗಳ ಎದುರು ನಿಮ್ಮ ಮನೆಯೊಳಗಿನ ಕೇಬಲ್ಲು ಲೆಕ್ಕಕ್ಕೇ ಬರುವುದಿಲ್ಲ. ನೆರೆಯವರ ಮಾತಿನ ಇಷ್ಟು ಭಾಗ ತಪ್ಪು. ಆದರೆ ಅವರ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ, ಏಕೆಂದರೆ ನಮ್ಮ ಕಡೆ ಸುಟ್ಟುಹೋಗುವ ಬಹುಪಾಲು ಉಪಕರಣಗಳಿಗೆ ಸಿಡಿಲು ನೇರವಾಗಿ ಬಡಿದಿರುವುದಿಲ್ಲ. ಸ್ವಲ್ಪ ದೂರದ ಮರಕ್ಕೋ ಕರೆಂಟ್ ಲೈನಿಗೋ ಬಡಿದಾಗ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದಾಗಿ, ಹೊರಗೆ ಉದ್ದಕ್ಕೆ ಎಳೆದಿರುವ ಯಾವುದೇ ಲೋಹದ ತಂತಿಯಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್‌ಗಳ ಒತ್ತಡ ಹುಟ್ಟಬಲ್ಲದು. ಎರಡನೆಯದಾಗಿ, ಸಿಡಿಲಿನ ವಿದ್ಯುತ್ತು ನೆಲಕ್ಕೆ ಇಳಿದು ಹರಡುವಾಗ ಹತ್ತಿರದ ನೆಲದ ವೋಲ್ಟೇಜು ಏರುತ್ತದೆ. ಆ ಏರಿಕೆ ಮನೆಯ ಅರ್ಥಿಂಗ್ ಗುಂಡಿಯಲ್ಲಿ ಒಂದು ಮಟ್ಟದಲ್ಲಿದ್ದರೆ ಗೋಡೌನಿನಲ್ಲಿ ಬೇರೊಂದು ಮಟ್ಟದಲ್ಲಿರುತ್ತದೆ. ಈ ಎರಡು ಜಾಗಗಳ ನಡುವೆ ತಾಮ್ರದ ತಂತಿಯೊಂದು ಇದ್ದರೆ ಆ ವ್ಯತ್ಯಾಸ ಅದರ ಮೂಲಕವೇ ಹರಿದು ಸರಿಹೋಗಲು ನೋಡುತ್ತದೆ.

ನೆಟ್‌ವರ್ಕ್ ಪೋರ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಈಥರ್ನೆಟ್ (ತಂತಿಯ ನೆಟ್‌ವರ್ಕ್) ಮಾನದಂಡದ ಪ್ರಕಾರ ಅದು 1500 ವೋಲ್ಟ್‌ನ ಪರೀಕ್ಷೆಯನ್ನು ತಾಳಬೇಕು. ಕಚೇರಿಯ ಒಳಗೆ ಇದು ಧಾರಾಳವಾಗಿ ಸಾಕು. ಮರದಿಂದ ಮರಕ್ಕೆ ಎಳೆದ 70 ಮೀಟರ್ ತಂತಿಯ ಎದುರು ಏನೂ ಅಲ್ಲ. ಪ್ಲಗ್ ತೆಗೆದಿಟ್ಟರೂ ರೌಟರ್ ಸುಟ್ಟದ್ದಕ್ಕೆ ಕಾರಣ ಇಲ್ಲಿದೆ. ನೀವು ತೆಗೆದದ್ದು ಕರೆಂಟಿನ ದಾರಿಯನ್ನು, ಕ್ಯಾಮೆರಾ ಕೇಬಲ್ಲಿನ ದಾರಿ ಹಾಗೆಯೇ ತೆರೆದಿತ್ತು. ಗುಡುಗಿನ ಹೊತ್ತಿನಲ್ಲಿ ಪ್ಲಗ್ ತೆಗೆಯುವ ರೂಢಿ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಹೊರಗಿನಿಂದ ಬರುವ ತಾಮ್ರದ ತಂತಿ ಯಾವುದಿದ್ದರೂ ಅದನ್ನೂ ಕಳಚಿದಾಗ ಮಾತ್ರ ಆ ರೂಢಿಗೆ ಅರ್ಥವಿದೆ. ರಾತ್ರಿ ಎರಡು ಗಂಟೆಗೆ ಗುಡುಗಿದರೆ ಯಾರು ಎದ್ದು ಕಳಚುತ್ತಾರೆ ಎಂಬ ಪ್ರಶ್ನೆಯೂ ಇದೆ, ಆದ್ದರಿಂದ ಕಳಚುವ ಅಗತ್ಯವೇ ಬಾರದಂತೆ ಕೆಲಸ ಮಾಡಿಸುವುದು ಮೇಲು.

ಈಥರ್ನೆಟ್ ಕೇಬಲ್ಲಿಗೆಂದೇ ಮಾಡಿದ ಸರ್ಜ್ ಪ್ರೊಟೆಕ್ಟರ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ಅದನ್ನೇ ಹಾಕಿ ತಾಮ್ರವನ್ನು ಉಳಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಅವು ಕೆಲಸ ಮಾಡುವುದು ಹೆಚ್ಚಿನ ವಿದ್ಯುತ್ತನ್ನು ಅರ್ಥಿಂಗ್‌ಗೆ ತಿರುಗಿಸಿ. ಅರ್ಥಿಂಗ್ ಒಳ್ಳೆಯದಿಲ್ಲದಿದ್ದರೆ ಆ ಡಬ್ಬಿ ಹೆಸರಿಗೆ ಮಾತ್ರ ಇರುತ್ತದೆ. ನಮ್ಮಲ್ಲಿ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ಕಾಲದ ಗುಡುಗು ಬರುವುದು ಬೇಸಿಗೆಯಲ್ಲಿ, ಮಣ್ಣಿನ ಮೇಲ್ಪದರ ಒಣಗಿರುವಾಗ. ಒಣ ಮಣ್ಣಿನಲ್ಲಿ ಅರ್ಥಿಂಗ್ ಗುಂಡಿಯ ರೋಧ ಹೆಚ್ಚುತ್ತದೆ. ಅಂದರೆ ರಕ್ಷಣೆ ಅತ್ಯಂತ ಬೇಕಾದ ತಿಂಗಳುಗಳಲ್ಲೇ ಅದು ಅತ್ಯಂತ ದುರ್ಬಲವಾಗಿರುತ್ತದೆ. ಫೈಬರ್‌ನಲ್ಲಿ ಹರಿಯುವುದು ಬೆಳಕು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಮನೆ ಮತ್ತು ಗೋಡೌನ್‌ಗಳ ನೆಲದ ವೋಲ್ಟೇಜು ಎಷ್ಟೇ ಬೇರೆಯಾದರೂ ನೆಟ್‌ವರ್ಕಿನ ದಾರಿಯಲ್ಲಿ ಏನೂ ದಾಟುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಬದಿಂದ ಮನೆಗೆ ಎಳೆಯುವ ಅನೇಕ ಫೈಬರ್ ಕೇಬಲ್ಲುಗಳ ಪಕ್ಕದಲ್ಲಿ ಭಾರ ತಡೆಯಲೆಂದು ಉಕ್ಕಿನ ತಂತಿ ಇರುತ್ತದೆ. ಫೈಬರ್ ಎಂದು ನಂಬಿ ಆ ಉಕ್ಕನ್ನೂ ಒಳಗಿನವರೆಗೆ ತಂದರೆ ಮಾಡಿದ್ದೆಲ್ಲ ವ್ಯರ್ಥ. ಈಗಿರುವ ಇಂಟರ್‌ನೆಟ್ ಕೇಬಲ್ಲಿನಲ್ಲಿ ಅಂಥ ತಂತಿಯಿದ್ದರೆ ಅದನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಿ, ಫೈಬರ್ ಇರುವ ಭಾಗವನ್ನಷ್ಟೇ ಒಳಗೆ ಬಿಡುವಂತೆ ಲೈನ್‌ಮನ್‌ಗೆ ಹೇಳಿ. ಒಳಭಾಗದಲ್ಲಿಯೂ ತೆಳುವಾದ ಉಕ್ಕಿನ ಎಳೆಗಳಿರುವ ಕೇಬಲ್ಲುಗಳಿವೆ. ಗೋಡೌನಿಗೆ ಹೊಸದಾಗಿ ಕೊಳ್ಳುವಾಗ ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿಮಾಡಿದ ಪ್ಲಾಸ್ಟಿಕ್) ಕಡ್ಡಿಗಳಿರುವ ಡ್ರಾಪ್ ಕೇಬಲ್ (ಕಟ್ಟಡಕ್ಕೆ ಎಳೆಯುವ ತೆಳು ಫೈಬರ್ ಕೇಬಲ್) ಎಂದು ಸ್ಪಷ್ಟವಾಗಿ ಕೇಳಿ ಪಡೆಯಿರಿ.

ಕರೆಂಟಿನ ದಾರಿಯ ಬಗ್ಗೆಯೂ ಒಂದು ಮಾತು. ಮನೆಯಿಂದ ಗೋಡೌನಿಗೆ ವಿದ್ಯುತ್ ತಂತಿ ಹೋಗಿದ್ದರೆ ಅದೂ ತಾಮ್ರವೋ ಅಲ್ಯುಮಿನಿಯಮ್ಮೋ ಆಗಿರುತ್ತದೆ, ಅದರಲ್ಲೂ ಸಿಡಿಲಿನ ಹೊಡೆತ ಬರಬಹುದು. ಎರಡೂ ಕಟ್ಟಡಗಳ ಮೇನ್ ಬೋರ್ಡಿನಲ್ಲಿ ಟೈಪ್ 2 ವರ್ಗದ ಎಸ್‌ಪಿಡಿ (ಕರೆಂಟ್ ಲೈನಿನ ಸರ್ಜ್ ಪ್ರೊಟೆಕ್ಟರ್) ಹಾಕಿಸಿ, ಅರ್ಥಿಂಗ್ ಗುಂಡಿಯನ್ನು ಅಳತೆ ಮಾಡಿಸುವುದು ಇದಕ್ಕೆ ಉಪಾಯ. ನೇರವಾಗಿ ಬಡಿದ ಸಿಡಿಲಿಗೆ ಇವು ಯಾವುವೂ ಖಾತರಿಯಲ್ಲ. ಫೈಬರ್‌ನಿಂದ ಸಿಗುವ ಲಾಭವೆಂದರೆ ಗೋಡೌನಿನಲ್ಲಿ ಏನಾದರೂ ಸುಟ್ಟರೆ ಅದು ನೆಟ್‌ವರ್ಕಿನ ದಾರಿಯಲ್ಲಿ ಮನೆಯ ರೌಟರಿನವರೆಗೆ, ಅಲ್ಲಿಂದ ಸೊಸೆಯ ಕಂಪ್ಯೂಟರಿನವರೆಗೆ ಬಾರದು.

ಇನ್ನು ಮಹಡಿಯ ಕೋಣೆಯ ಮಾತು. ಇಂಟರ್‌ನೆಟ್ ಪ್ಲಾನನ್ನು ಹೆಚ್ಚಿಸಿದರೆ ಕರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ಪಕ್ಕಕ್ಕಿಡಿ. ಒಳ್ಳೆಯ ಗುಣಮಟ್ಟದ ವಿಡಿಯೊ ಸಭೆಗೆ ಮೂರು ನಾಲ್ಕು ಎಂಬಿಪಿಎಸ್ ವೇಗ ಸಾಕಾಗುತ್ತದೆ. ಕರೆಯನ್ನು ಕಡಿಯುವುದು ವೇಗದ ಕೊರತೆಗಿಂತ ಹೆಚ್ಚಾಗಿ, ಮಾಹಿತಿಯ ತುಣುಕುಗಳು ದಾರಿಯಲ್ಲಿ ಕಳೆದುಹೋಗುವುದು ಮತ್ತು ಒಂದೊಂದು ಒಂದೊಂದು ಹೊತ್ತಿಗೆ ತಲುಪುವುದು. ವೈಫೈಯ 5 ಗಿಗಾಹರ್ಟ್ಸ್ ತರಂಗ ಒಂದೂವರೆ ಅಡಿ ಮಣ್ಣಿನ ಗೋಡೆಯಲ್ಲಿ ಬಹುತೇಕ ಅಡಗಿಹೋಗುತ್ತದೆ. ಗೋಡೆ ತೇವ ಹೀರಿಕೊಳ್ಳುವ ಜುಲೈ ತಿಂಗಳಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ. 2.4 ಗಿಗಾಹರ್ಟ್ಸ್ ತರಂಗ ಸ್ವಲ್ಪ ಹೆಚ್ಚು ದೂರ ತೂರಿಹೋಗುತ್ತದೆಯಾದರೂ ಅದರ ಮೇಲೆ ಆರ್‌ಸಿಸಿ ಸ್ಲ್ಯಾಬ್ ಬಂದಾಗ ನಿಮಗೆ ಉಳಿಯುವುದು ನೀವು ಈಗ ಅನುಭವಿಸುತ್ತಿರುವಷ್ಟೇ.

ಮಗ ಹೇಳುವ ಮೆಷ್ ವ್ಯವಸ್ಥೆ ಕೆಟ್ಟದ್ದಲ್ಲ, ಆದರೆ ಅದು ಈ ಗೋಡೆಯನ್ನು ಮಾಯ ಮಾಡುವುದಿಲ್ಲ. ಮೆಷ್‌ನ ಎರಡನೆಯ ಡಬ್ಬಿ ಮೊದಲನೆಯದರಿಂದ ಗಾಳಿಯಲ್ಲೇ ಸಂಕೇತವನ್ನು ಪಡೆದು ಮತ್ತೆ ಗಾಳಿಯಲ್ಲೇ ಹಂಚಬೇಕು. ಎರಡಕ್ಕೂ ಒಂದೇ ರೇಡಿಯೊ ಬಳಕೆಯಾದರೆ ಆ ಜಿಗಿತದಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಡಬ್ಬಿಗೆ ಹಿಂದಿನಿಂದ ಕೇಬಲ್ ಜೋಡಿಸಿದರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಮೆಷ್ ಬೇಕೋ ತಂತಿ ಬೇಕೋ ಎಂದು ಮನೆಯಲ್ಲಿ ವಾದ ಮಾಡುವ ಅಗತ್ಯವಿಲ್ಲ. ಸೊಸೆಯ ಮೇಜಿನ ಕಂಪ್ಯೂಟರಿಗೆ ತಂತಿ, ಅದೇ ಕೋಣೆಯ ಫೋನುಗಳಿಗೆ ತಂತಿಯ ತುದಿಯಲ್ಲಿ ಕುಳಿತ ವೈಫೈ ಡಬ್ಬಿ, ಇಷ್ಟು ಮಾಡಿ. ಮನೆಯ ಕರೆಂಟ್ ವಯರಿನ ಮೂಲಕವೇ ಇಂಟರ್‌ನೆಟ್ ಹರಿಸುವ ಪವರ್‌ಲೈನ್ ಅಡಾಪ್ಟರುಗಳನ್ನೂ ಕೆಲವರು ಸೂಚಿಸುತ್ತಾರೆ. ಹಳೆಯ ವೈರಿಂಗ್, ನಡುವೆ ಇನ್ವರ್ಟರ್, ಕೋಣೆಗೊಂದು ಫೇಸ್ ಇರುವ ತೋಟದ ಮನೆಗಳಲ್ಲಿ ಅವು ಒಂದು ದಿನ ನಡೆದು ಇನ್ನೊಂದು ದಿನ ನಿಲ್ಲುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಕೇಬಲ್ಲಿನ ಆಯ್ಕೆಯಲ್ಲಿ ಇಬ್ಬರು ಅಂಗಡಿಯವರ ಮಾತೂ ನಿಮಗೆ ಹೊಂದುವುದಿಲ್ಲ. ಕ್ಯಾಟ್ 8 ಎಂಬುದು ಡೇಟಾ ಸೆಂಟರುಗಳಲ್ಲಿ ಒಂದು ಕಪಾಟಿನಿಂದ ಪಕ್ಕದ ಕಪಾಟಿಗೆ ಅತಿ ವೇಗದ ಸಂಪರ್ಕ ಕೊಡಲು ರೂಪಿಸಿದ್ದು. ಅದರ ಗರಿಷ್ಠ ದೂರವೇ 30 ಮೀಟರ್. ಅದು ದಪ್ಪ, ಬಗ್ಗುವುದು ಕಷ್ಟ, ಲೋಹದ ಹೊದಿಕೆಗೆ ಸರಿಯಾದ ಅರ್ಥಿಂಗ್ ಬೇಕು. ಮನೆಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಕ್ಯಾಟ್ 5ಇ ಕೇಬಲ್ಲೇ 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುತ್ತದೆ, ಅದು ಇಂದಿನ ನಿಮ್ಮ ಅಗತ್ಯಕ್ಕಿಂತ ಹೆಚ್ಚೇ. ಆದರೂ ನಾನು ಕ್ಯಾಟ್ 6 ಹಾಕಿಸಿ ಎನ್ನುತ್ತೇನೆ. ಕೂಲಿ ಎರಡಕ್ಕೂ ಒಂದೇ, ಕೇಬಲ್ಲಿನ ಬೆಲೆಯ ವ್ಯತ್ಯಾಸ ದೊಡ್ಡದಲ್ಲ, ಮತ್ತು ಸುಮಾರು 55 ಮೀಟರ್ ಒಳಗಿನ ದೂರಕ್ಕೆ ಅದು ಹತ್ತು ಗಿಗಾಬಿಟ್ ಕೂಡ ಒಯ್ಯಬಲ್ಲದು. ನಿಮ್ಮ ಮನೆಯೊಳಗೆ ಅದಕ್ಕಿಂತ ಉದ್ದದ ಎಳೆತ ಬರುವ ಸಂಭವ ಕಡಿಮೆ. 100 ಮೀಟರಿನ ಮಿತಿಯಲ್ಲಿ ಗೋಡೆಯೊಳಗಿನ ಕೇಬಲ್ಲಿಗೆ 90 ಮೀಟರ್, ಎರಡೂ ತುದಿಯ ಬಿಡಿ ತಂತಿಗಳಿಗೆ 10 ಮೀಟರ್ ಎಂದು ಲೆಕ್ಕ.

ಅರ್ಧ ಬೆಲೆಯ ಕ್ಯಾಟ್ 6 ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಸಿಸಿಎ, ಅಂದರೆ ಅಲ್ಯುಮಿನಿಯಮ್ ಎಳೆಯ ಮೇಲೆ ತಾಮ್ರದ ತೆಳು ಲೇಪ. ಅಲ್ಯುಮಿನಿಯಮ್ಮಿನ ವಾಹಕತೆ ತಾಮ್ರದ ಸುಮಾರು ಶೇ 61ರಷ್ಟು ಮಾತ್ರ ಆದ್ದರಿಂದ ಅಷ್ಟೇ ದಪ್ಪದ ಎಳೆಯಲ್ಲಿ ರೋಧ ಒಂದೂವರೆ ಪಟ್ಟಿನಷ್ಟಾಗುತ್ತದೆ. ಕೇಬಲ್ಲಿನ ಮೂಲಕವೇ ಕ್ಯಾಮೆರಾಕ್ಕೆ ವಿದ್ಯುತ್ ಕಳಿಸುವ ಪಿಓಇ ವ್ಯವಸ್ಥೆಯಲ್ಲಿ ಇದರಿಂದ ಕೇಬಲ್ ಬಿಸಿಯಾಗುತ್ತದೆ, ದೂರದ ಕ್ಯಾಮೆರಾ ರಾತ್ರಿ ದೀಪ ಹೊತ್ತಿದೊಡನೆ ಆರಿಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಎಂದರೆ ಅಲ್ಯುಮಿನಿಯಮ್ ಎಳೆ ಬಗ್ಗಿಸಿದಲ್ಲಿ ಮುರಿಯುತ್ತದೆ, ಕನೆಕ್ಟರಿನ ಒತ್ತಿನಲ್ಲಿ ಕ್ರಮೇಣ ಸಡಿಲವಾಗುತ್ತದೆ, ಮಲೆನಾಡಿನ ತೇವದಲ್ಲಿ ಬೇಗ ಕಿಲುಬುತ್ತದೆ. ಹಾಕಿದ ದಿನ ಚೆನ್ನಾಗಿಯೇ ನಡೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ದೂರು ಶುರುವಾಗುತ್ತದೆ, ಆಗ ಬೈಗುಳ ತಿನ್ನುವವನು ಇಂಟರ್‌ನೆಟ್ ಲೈನ್‌ಮನ್.

ಕೊಳ್ಳುವ ಮೊದಲು ಒಂದು ತುಂಡು ಕೇಳಿ, ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಿಯ ಬಣ್ಣ ಕಂಡರೆ ಹಿಂದಿರುಗಿಸಿ. ಪೂರ್ತಿ ತಾಮ್ರದ್ದಾದರೆ ಕೆರೆದಷ್ಟೂ ಕೆಂಪೇ ಇರುತ್ತದೆ, ಪೆಟ್ಟಿಗೆಯೂ ಕೈಗೆ ಸ್ಪಷ್ಟವಾಗಿ ಭಾರ. ಎಳೆದಾದ ಮೇಲೆಯೂ ಪರೀಕ್ಷಿಸಬಹುದು: ಒಂದು ತುದಿಯಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಹೊಸೆದು, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಮಾನದಂಡದ ಮಿತಿ 100 ಮೀಟರಿಗೆ ಒಂದು ಎಳೆಗೆ 9.38 ಓಮ್, ಹೋಗಿ ಬರುವ ಎರಡು ಎಳೆ ಲೆಕ್ಕ ಹಾಕಿದರೆ 40 ಮೀಟರ್ ಕೇಬಲ್ಲಿನಲ್ಲಿ ಓದು 7.5 ಓಮ್ ಮೀರಬಾರದು. ಒಳ್ಳೆಯ ಕ್ಯಾಟ್ 6 ಇದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಮೀಟರಿನ ಸ್ವಂತ ತಂತಿಗಳ ರೋಧವನ್ನು ಮೊದಲು ಕಳೆಯಲು ಮರೆಯಬೇಡಿ.

ಎಲೆಕ್ಟ್ರಿಷಿಯನ್ ಹೇಳಿದ ಒಂದೇ ಪೈಪಿನ ಉಪಾಯವನ್ನು ದಯವಿಟ್ಟು ಒಪ್ಪಬೇಡಿ. ಕರೆಂಟಿನ ಪಕ್ಕದಲ್ಲಿ ಹೋದರೆ ಇಂಟರ್‌ನೆಟ್ ನಿಧಾನವಾಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅದರಲ್ಲಿ ಅಲ್ಪ ಸತ್ಯವಿದ್ದರೂ, ಹೊಸೆದ ಜೋಡಿಗಳ ರಚನೆ ಆ ಅಡಚಣೆಯನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ನಿಜವಾದ ಕಾರಣ ಜೀವದ ಸುರಕ್ಷತೆ. ಪೈಪಿನೊಳಗೆ ಇಲಿಯೊಂದು ಹೊಕ್ಕು ಎರಡೂ ಕೇಬಲ್ಲುಗಳ ಹೊದಿಕೆಯನ್ನು ಕಡಿದರೆ 230 ವೋಲ್ಟ್ ನೇರವಾಗಿ ನೆಟ್‌ವರ್ಕ್ ಕೇಬಲ್ಲಿಗೆ, ಅಲ್ಲಿಂದ ಅದರ ತುದಿಯನ್ನು ಮುಟ್ಟುವವರ ಕೈಗೆ ಬರಬಹುದು. ಬೇರೆಯದೇ ಪೈಪು ಹಾಕಿಸಿ, ಸಮಾನಾಂತರವಾಗಿ ಹೋಗುವಲ್ಲಿ ಎರಡರ ನಡುವೆ ಒಂದಡಿಯಷ್ಟು ಅಂತರ ಬಿಡಿಸಿ, ಅಡ್ಡ ದಾಟಲೇಬೇಕಾದಲ್ಲಿ ನೇರ ಅಡ್ಡಡ್ಡವಾಗಿ ದಾಟಿಸಿ.

ಹಾಗೆಂದು ಹಳೆಯ ಮಣ್ಣಿನ ಗೋಡೆಯನ್ನು ಕೊರೆಯುವುದೂ ಬೇಡ. ಒಮ್ಮೆ ಕೊರೆದ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಅದು ಮಣ್ಣಿನೊಂದಿಗೆ ಹೊಂದಿಕೊಳ್ಳದೆ ಮಳೆಗಾಲದಲ್ಲಿ ಹೊಪ್ಪಳಿಕೆಯಾಗಿ ಏಳುತ್ತದೆ. ಮುಂದಿನ ಭಾಗದಲ್ಲಿ ಅಟ್ಟದ ಮೇಲೆ, ತೊಲೆಯ ಪಕ್ಕದಲ್ಲಿ 25 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ ಕೇಬಲ್ ಒಯ್ದು, ಬೇಕಾದ ಕೋಣೆಯ ಮೂಲೆಯಲ್ಲಿ ಕೇಸಿಂಗ್ ಪಟ್ಟಿಯೊಳಗೆ ಕೆಳಗಿಳಿಸಿದರೆ ಸಾಕು. ನೋಡಲು ಅಷ್ಟು ಅಂದವಿಲ್ಲ ಎಂದು ಕೆಲವರು ಗೊಣಗುತ್ತಾರೆ, ಒಪ್ಪುತ್ತೇನೆ. ಆದರೆ ಗೋಡೆ ಉಳಿಯುತ್ತದೆ. ಅಟ್ಟದ ಮೇಲೆ ಪೈಪಿಲ್ಲದೆ ಬರಿಯ ಕೇಬಲ್ ಬಿಟ್ಟರೆ ಇಲಿಗಳು ಬಿಡುವುದಿಲ್ಲ. ಆರ್‌ಸಿಸಿ ಭಾಗದಲ್ಲಿ ಗೋಡೆ ಕೊರೆಯುವುದಕ್ಕೆ ಅಡ್ಡಿಯಿಲ್ಲ. ಪ್ರತಿ ಕೋಣೆಗೆ ಒಂದರ ಬದಲು ಎರಡು ಕೇಬಲ್ ಎಳೆಸಿ, ಪೈಪಿನೊಳಗೆ ಒಂದು ಎಳೆಯುವ ತಂತಿಯನ್ನು ಉಳಿಸಿಡಿ. ಎಳೆಯುವಾಗ ಜೋರು ಮಾಡಬಾರದು. ನಾಲ್ಕು ಜೋಡಿಯ ಕೇಬಲ್ಲಿಗೆ ತಾಳಬಹುದಾದ ಎಳೆತ 110 ನ್ಯೂಟನ್, ಅಂದರೆ ಸುಮಾರು 11 ಕಿಲೊ ತೂಕದಷ್ಟು ಮಾತ್ರ. ತಿರುವಿನಲ್ಲಿ ಮೊಣಕೈ ಆಕಾರದ ಚೂಪಾದ ಜೋಡಣೆಯ ಬದಲು ದೊಡ್ಡ ಬಾಗು ಕೊಡಿಸಿ.

ಎಲ್ಲ ಕೇಬಲ್ಲುಗಳೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಹಾರ ಪೋಣಿಸಿದ ಹಾಗೆ ಒಂದು ಕೋಣೆಯಿಂದ ಮುಂದಿನ ಕೋಣೆಗೆ ಜೋಡಿಸುತ್ತ ಹೋದರೆ ನಡುವಿನ ಒಂದು ಕೊಂಡಿ ಸಡಿಲವಾದರೂ ಮುಂದಿನವೆಲ್ಲ ನಿಲ್ಲುತ್ತವೆ. ಆ ಜಾಗ ಆಫೀಸ್ ಕೋಣೆಯ ಗೋಡೆ ಕಪಾಟಾಗಿರಲಿ. ಅಟ್ಟದ ಮೇಲೆ ಹೆಂಚಿನ ಕಾವು ಮತ್ತು ಸೋರಿಕೆ ಎರಡೂ ಇರುವುದರಿಂದ ಅಲ್ಲಿ ಬೇಡ. ಬಚ್ಚಲ ಒಲೆಯ ಗೋಡೆಯ ಹಿಂಬದಿಯೂ ಹೊಗೆ ಮತ್ತು ಹಬೆಯಿಂದಾಗಿ ಸರಿಯಲ್ಲ. ಆಫೀಸ್ ಕೋಣೆಯ ಕಪಾಟಿನಲ್ಲಿ ಎಂಟು ಪೋರ್ಟಿನ ಸಾಧಾರಣ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ (ಕೇಬಲ್ಲುಗಳನ್ನು ಕೂಡಿಸುವ ಡಬ್ಬಿ) ಇಟ್ಟರೆ ಸಾಕು. ಇಂಟರ್‌ನೆಟ್ ಕಂಪನಿ ಕೊಟ್ಟ ಡಬ್ಬಿಯ ಎಲ್ಲ ಪೋರ್ಟುಗಳೂ ಗಿಗಾಬಿಟ್ ಎಂದು ಭಾವಿಸಬೇಡಿ. ಅನೇಕ ಅಗ್ಗದ ಡಬ್ಬಿಗಳಲ್ಲಿ ಒಂದು ಮಾತ್ರ ಗಿಗಾಬಿಟ್, ಉಳಿದವು 100 ಎಂಬಿಪಿಎಸ್. ಸ್ವಿಚ್ಚನ್ನು ಆ ಒಂದು ಪೋರ್ಟಿಗೇ ಜೋಡಿಸಬೇಕು. ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ರೌಟರ್ ಆರಿ ಹೊತ್ತುತ್ತಿದ್ದರೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಸೇರಿಸಿಕೊಳ್ಳಿ, ಸ್ವಿಚ್ಚಿನ ವೋಲ್ಟೇಜು ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡು.

ತುದಿ ಜೋಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಗೋಡೆಯೊಳಗಿನ ಗಟ್ಟಿ ಎಳೆಯ ಕೇಬಲ್ಲಿಗೆ ನೇರವಾಗಿ ಆರ್‌ಜೆ-45 ಪ್ಲಗ್ ಒತ್ತಿ ಕೋಣೆಯಲ್ಲಿ ತೂಗಲು ಬಿಡುವುದು ನಮ್ಮ ಕಡೆಯ ರೂಢಿ. ನಾಲ್ಕು ಸಲ ಎಳೆದಾಡಿದರೆ ಒಳಗಿನ ಎಳೆ ಕಡಿಯುತ್ತದೆ. ಗೋಡೆಗೆ ನೆಟ್‌ವರ್ಕ್ ಸಾಕೆಟ್ ಕೂರಿಸಿ, ಅಲ್ಲಿಂದ ಕಂಪ್ಯೂಟರಿಗೆ ಕಾರ್ಖಾನೆಯಲ್ಲೇ ತಯಾರಾದ ಮೆತುವಾದ ಕೇಬಲ್ ಬಳಸಿ. ಜೋಡಿಗಳ ಹೊಸೆತವನ್ನು ತುದಿಯಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಬಣ್ಣಗಳ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಬೇಕು. ಸಾಮಾನ್ಯವಾಗಿ ಬಳಸುವ ಬಿ ಕ್ರಮದಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ಕಡೆ ಒಂದೇ ಇದ್ದರೆ ಯಾವ ಕ್ರಮವಾದರೇನು, ಎಂಟೂ ದೀಪ ಹೊತ್ತಿದರಾಯಿತು ಎನ್ನುವ ಕೆಲಸಗಾರರಿದ್ದಾರೆ. ಅದು ತಪ್ಪು. ಒಂದು ಸಂಕೇತದ ಎರಡು ಎಳೆಗಳು ಒಂದೇ ಹೊಸೆತದ ಜೋಡಿಯಲ್ಲಿ ಹೋಗದಿದ್ದರೆ ಟೆಸ್ಟರಿನ ಎಂಟೂ ದೀಪ ಹೊತ್ತುತ್ತವೆ, ಆದರೆ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ಕೆಲಸ ಮುಗಿದ ದಿನ, ಕೂಲಿ ಕೊಡುವ ಮೊದಲು, ಲ್ಯಾಪ್‌ಟಾಪನ್ನು ಪ್ರತಿಯೊಂದು ಸಾಕೆಟ್ಟಿಗೂ ಜೋಡಿಸಿ ಲಿಂಕ್ ಸ್ಪೀಡ್ ನೋಡಿ. 1000 ಎಂದು ತೋರಿಸಬೇಕಾದಲ್ಲಿ 100 ಎಂದು ತೋರಿಸಿದರೆ ಬಹುತೇಕ ಒಂದು ಎಳೆ ಕೂಡಿಲ್ಲ ಎಂದೇ ಅರ್ಥ, ಏಕೆಂದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು.

ಹಳೆಯ ರೌಟರ್ ಒಂದನ್ನು ಮಹಡಿಯ ವೈಫೈಗೆ ಬಳಸುವುದಾದರೆ ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈಫೈ ಮಾತ್ರ ಹಂಚುವ ಸ್ಥಿತಿ) ಆರಿಸಿ. ಆ ಸೌಲಭ್ಯ ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು (ಫೋನು, ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸವನ್ನು) ನಿಲ್ಲಿಸಿ, ಅದರ ವಿಳಾಸವನ್ನು ಮುಖ್ಯ ರೌಟರಿನದ್ದಕ್ಕಿಂತ ಬೇರೆ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ಇಲ್ಲವಾದರೆ ಮನೆಯಲ್ಲಿ ಇಬ್ಬರು ಯಜಮಾನರು ವಿಳಾಸ ಹಂಚಲು ತೊಡಗಿ, ಯಾವ ಫೋನು ಯಾರ ಮಾತು ಕೇಳುತ್ತದೆಂದೇ ತಿಳಿಯದಂತಾಗುತ್ತದೆ. ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಅರಿಯದೆ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಇಡೀ ಮನೆಯ ನೆಟ್‌ವರ್ಕ್ ಸ್ತಬ್ಧವಾಗುತ್ತದೆ, ಇದೂ ನೆನಪಿರಲಿ.

ಗೋಡೌನಿನ ಫೈಬರ್ ಕೆಲಸ ನೀವು ಊಹಿಸುವುದಕ್ಕಿಂತ ಸರಳ. ಸಿಂಗಲ್ ಮೋಡ್ ಡ್ರಾಪ್ ಕೇಬಲ್, ಎರಡು ತುದಿಗೆ ಎ ಮತ್ತು ಬಿ ಎಂದು ಜೋಡಿಯಾಗಿ ಸಿಗುವ ಮೀಡಿಯಾ ಕನ್ವರ್ಟರುಗಳು (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಂಕೇತಕ್ಕೆ, ಅದನ್ನು ಮತ್ತೆ ಬೆಳಕಿಗೆ ಬದಲಿಸುವ ಡಬ್ಬಿಗಳು), ಇಷ್ಟೇ. ಒಂದು ಎಳೆ ಸಾಕಾದರೂ ಎರಡು ಅಥವಾ ನಾಲ್ಕು ಎಳೆಯದ್ದನ್ನು ಹಾಕಿಸಿ, ಉಳಿದವು ಮುಂದಕ್ಕಾಗುತ್ತವೆ. ತುದಿ ಬೆಸೆಯಲು ನಿಮ್ಮ ಊರಿನ ಇಂಟರ್‌ನೆಟ್ ಲೈನ್‌ಮನ್ ಬಳಿ ಇರುವ ಯಂತ್ರವೇ ಸಾಕು. ಕನೆಕ್ಟರಿನ ಬಣ್ಣ ನೋಡಿಕೊಳ್ಳಿ: ಹಸಿರು ಮತ್ತು ನೀಲಿ ಬೇರೆ ಬೇರೆ ಬಗೆಯವು, ಒಂದರ ಎದುರು ಇನ್ನೊಂದನ್ನು ಕೂಡಿಸಬಾರದು. ಕೆಲಸ ಮಾಡುತ್ತಿರುವ ಫೈಬರಿನ ತುದಿಯಲ್ಲಿ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು. ಫೈಬರ್ ವಿದ್ಯುತ್ತನ್ನು ಒಯ್ಯದ ಕಾರಣ ಕ್ಯಾಮೆರಾಗಳಿಗೆ ಬೇಕಾದ ಪಿಓಇ ಸ್ವಿಚ್ ಗೋಡೌನಿನಲ್ಲೇ, ಅಲ್ಲಿನ ಕರೆಂಟಿನಿಂದಲೇ ನಡೆಯಬೇಕು.

ಕೇಬಲ್ಲನ್ನು ಮತ್ತೆ ಮರಕ್ಕೆ ಕಟ್ಟಬೇಡಿ. ಜೂನ್ ಜುಲೈ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ, ಉಳಿದ ತಿಂಗಳಲ್ಲಿ ಮಂಗಗಳಿವೆ. ತೋಟದಲ್ಲಿ ನೀರಿಗೆ ಬಳಸುವ ಎಚ್‌ಡಿಪಿಇ ಪೈಪನ್ನೇ ನೆಲದಲ್ಲಿ ಹೂತು ಅದರೊಳಗೆ ಎಳೆಸಿ. ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಎರಡಡಿ ಆಳ ಇರಲಿ, ಎರಡೂ ತುದಿಗಳನ್ನು ಇರುವೆ ಮತ್ತು ಇಲಿ ಹೋಗದಂತೆ ಮುಚ್ಚಿಸಿ. ಅಗೆಯುವುದು ಸಾಧ್ಯವೇ ಇಲ್ಲವಾದರೆ ಎರಡು ಕಟ್ಟಡಗಳ ನಡುವೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಕೊಂಡಿ ಹಾಕಬಹುದು. ಕಣದ ಬದಿಯಿಂದ ನೇರ ನೋಟ ತೆರೆದಿದ್ದರೆ ಅದು ನಡೆಯುತ್ತದೆ. ನಡುವೆ ನೆರಳಿನ ಮರಗಳಿದ್ದರೆ ಒದ್ದೆ ಎಲೆಗಳು ತರಂಗವನ್ನು ಹೀರಿಬಿಡುತ್ತವೆ. ಸೂರಿನ ತುದಿಗೋ ಕಂಬಕ್ಕೋ ಹಾಕಿದ ಆ ಉಪಕರಣದಿಂದ ಮನೆಯೊಳಗೆ ಬರುವುದು ಮತ್ತೆ ತಾಮ್ರದ ಕೇಬಲ್ಲೇ ಎಂಬುದನ್ನು ಮಾರುವವರು ಹೇಳುವುದಿಲ್ಲ. ಅದರಲ್ಲಿ ಸಿಡಿಲಿನ ಅಪಾಯ ಕಡಿಮೆಯಾಗುತ್ತದೆ, ತಪ್ಪುವುದಿಲ್ಲ.

ಮನೆಯೊಳಗಿನ ಕೆಲಸವನ್ನು ಯಾವ ತಿಂಗಳಲ್ಲಾದರೂ ಮಾಡಿಸಬಹುದು. ಅಗೆಯುವ ಕೆಲಸವನ್ನು ಕಣದಲ್ಲಿ ಕಾಫಿ ಹರವಿರುವಾಗ ಇಟ್ಟುಕೊಳ್ಳಲಾಗದು, ಹಾಗೆಂದು ರೋಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಹೂಮಳೆಯ ಗುಡುಗೂ ಬಂದುಬಿಡಬಹುದು. ಆದ್ದರಿಂದ ಕಣವನ್ನು ಬಳಸಿಕೊಂಡು ಹೋಗುವ ದಾರಿಯೊಂದನ್ನು, ಹತ್ತಿಪ್ಪತ್ತು ಮೀಟರ್ ಹೆಚ್ಚಾದರೂ ಸರಿ, ಕೊಯ್ಲಿಗೆ ಮೊದಲೇ ಗುರುತಿಸಿ ಅಗೆಸಿಬಿಡಿ. ಫೈಬರಿಗೆ ಆ ದೂರ ಲೆಕ್ಕವಲ್ಲ. ಅಲ್ಲಿಯವರೆಗೆ ಮರದ ಮೇಲಿನ ಹಳೆಯ ತಾಮ್ರದ ಕೇಬಲ್ಲನ್ನು ಮನೆಯ ತುದಿಯಲ್ಲಿ ಇಂದೇ ಕಳಚಿ ಗೋಡೆಯಿಂದ ಆಚೆಗೆ ಹಾಕಿ, ಹೊಸ ರೆಕಾರ್ಡರನ್ನು ಗೋಡೌನಿನಲ್ಲೇ ಇಟ್ಟು ಕ್ಯಾಮೆರಾಗಳನ್ನು ಅದಕ್ಕೇ ಜೋಡಿಸಿ ನಡೆಸಿ. ಫೋನಿನಲ್ಲಿ ದೂರದಿಂದ ನೋಡುವ ಅನುಕೂಲ ಸದ್ಯಕ್ಕೆ ಇರುವುದಿಲ್ಲ, ದಾಖಲೆ ಮಾತ್ರ ಉಳಿಯುತ್ತದೆ.